ಬೆನ್ನ ಮೇಲೆ ಆರು ಅಂಕಿ

ನಾನು ಒಂದು ಡಿಜಿಟಲ್ ಸಹಿಯ ಡಾಂಗಲ್. ನೋಡಲು ಪೆನ್‌ಡ್ರೈವಿನಷ್ಟೇ ಇದ್ದೇನೆ, ಆದರೆ ನನ್ನ ದರ್ಪ ಕೇಳಬೇಡಿ! ಯಾವುದೋ ಕಾರ್ಖಾನೆಯಲ್ಲಿ ಸಾವಿರಾರು ಒಡಹುಟ್ಟಿದವರ ಜೊತೆ ಹುಟ್ಟಿದೆ. ಆಗ ನನಗೆ ಹೆಸರಿರಲಿಲ್ಲ. ನಾಡಕಚೇರಿಯ ಉಪ ತಹಶೀಲ್ದಾರ್ ಗುರುಪಾದಪ್ಪ ಹಾವಣಗಿಯವರ ಗುರುತನ್ನು ಹೊಟ್ಟೆಗೆ ತುಂಬಿದ ದಿನ ನಾನು ಅವರ ಸಹಿಯಾದೆ: ಕಂಪ್ಯೂಟರಿಗೆ ಚುಚ್ಚಿ ಪಿನ್ ಒತ್ತಿದರೆ ಸಾಕು.

ನನ್ನನ್ನು ಅವರ ಕೈಗಿಟ್ಟ ದಿನವೇ ತರಬೇತಿ. ಕಲಿಸಲು ಬಂದ ಮೇಡಂ ಹಲಗೆಯ ಮೇಲೆ ದೊಡ್ಡ ದೊಡ್ಡ ಮಾತು ಬರೆದರು: ದೃಢೀಕರಣ, ಗೋಪ್ಯತೆ, ಅಲ್ಲಗಳೆಯಲಾಗದ ಸಹಿ. ಕೊನೆಯದನ್ನು ಬಿಡಿಸಿ ಹೇಳಿದರು. "ಇದರಿಂದ ಸಹಿ ಬಿತ್ತಂದ್ರ ಅದು ನೀವ ಹಾಕಿದ್ದು. ನಾ ಅಲ್ಲ ಅನ್ನಾಕ ಬರೂದಿಲ್ಲ. ಪಿನ್ ನಂಬರ್ ಮನಿಯವ್ರಿಗೂ ಹೇಳಬ್ಯಾಡ್ರಿ." ಸಾಹೇಬರು ಡೈರಿಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡರು. ನನಗೋ ಎದೆ ಉಬ್ಬಿತು.

ಆ ಹೆಮ್ಮೆ ಬಾಳಿದ್ದು ಒಂದೇ ವಾರ. ಸಾಹೇಬರು ಒಳ್ಳೆಯವರೇ, ಆದರೆ ದಿನಕ್ಕೊಂದು ಸಭೆ, ದಿನಕ್ಕೊಂದು ಊರು. ಇತ್ತ ಅವಧಿ ಮೀರಿದ ಅರ್ಜಿ ಪರದೆಯ ಮೇಲೆ ಕೆಂಪಾಗುತ್ತಿತ್ತು. ಕೆಂಪಾದರೆ ಮೇಲಿನವರ ಬೈಗುಳ. ಒಂದು ಬೆಳಿಗ್ಗೆ ನನ್ನನ್ನು ಕಂಪ್ಯೂಟರ್ ಆಪರೇಟರನ ಮೇಜಿನ ಮೇಲಿಟ್ಟು, ಪಿನ್ನನ್ನೂ ಹೇಳಿ, "ಚನ್ನವೀರಾ, ನೀನ ಒತ್ತಿಬಿಡೋ" ಎಂದರು. ಚನ್ನವೀರನಿಗೆ ಮರೆವು ಜಾಸ್ತಿ. ಆರು ಅಂಕಿಯ ಪಿನ್ನನ್ನು ಚೀಟಿಯಲ್ಲಿ ಬರೆದು, ನನ್ನ ಬೆನ್ನಿಗೇ ಅಂಟಿಸಿ, ಮೇಲೆ ಟೇಪು ಸುತ್ತಿದ. ನಾನು ದಂಗಾದೆ. ಬೀಗಕ್ಕೇ ಕೀಲಿಕೈ ಕಟ್ಟಿ ಊರಿಗೆ ಹೋಗುವ ಮನೆಯವರನ್ನು ಎಲ್ಲಾದರೂ ಕಂಡಿದ್ದೀರಾ? "ಎಲ್ಲಾ ಕಡೆ ಹಿಂಗ ಅದ ಬಿಡ್ರಿ" ಎಂದು ಅವನು ನಕ್ಕ.

ಒಂದು ಮಧ್ಯಾಹ್ನ ಸಾಹೇಬರು ಮದುವೆ ಊಟಕ್ಕೆ ಹೋಗಿದ್ದರು. ಚನ್ನವೀರ ತೊಂಬತ್ತು ಅರ್ಜಿಗಳಿಗೆ ಸಾಲಾಗಿ ಟಿಕ್ ಹಾಕಿ ಒಮ್ಮೆಗೇ ಒತ್ತಿದ. ಒಂದನ್ನೂ ಓದಲಿಲ್ಲ. ನಾನಂತೂ ಓದಲಾರೆ, ಸಹಿ ಮಾಡಬಲ್ಲೆ ಅಷ್ಟೆ.

ಅದಾದ ನಾಲ್ಕನೇ ದಿನ ಅರವತ್ತು ದಾಟಿದ ಹೆಂಗಸೊಬ್ಬಳು ಬಂದಳು. ಹೆಸರು ನೀಲವ್ವ. ಗಂಡ ಇಲ್ಲ, ಮಕ್ಕಳಿಲ್ಲ. ಕೈಯಲ್ಲಿ ತವರಿನ ವಂಶವೃಕ್ಷದ ಪ್ರತಿ. ಅಪ್ಪನ ಹೊಲವನ್ನು ತಾವಿಬ್ಬರೇ ಹಂಚಿಕೊಳ್ಳಲು ತಮ್ಮಂದಿರು ಅವಳ ಹೆಸರಿನ ಮುಂದೆ 'ಮೃತ' ಎಂದು ಬರೆಸಿದ್ದರು. ಕೆಳಗಿನ ಸಹಿ ನನ್ನದು, ಆ ತೊಂಬತ್ತರಲ್ಲಿ ಒಂದು.

"ಸತ್ತಾಕಿ ನಿಮ್ಮ ಮುಂದ ನಿಂತೀನ್ರಿ ಸಾಹೇಬ್ರ. ಮುಟ್ಟಿ ನೋಡ್ರಿ."

ನನಗೆ ಸಿಡಿಲು ಬಡಿದಂತಾಯಿತು. ಉಸಿರಾಡುತ್ತಿದ್ದವಳನ್ನು ನಾನು ಕೊಂದಿದ್ದೆ, ಅದೂ ಊಟದ ಹೊತ್ತಿನಲ್ಲಿ!

"ಅಲ್ಲಬೇ ಯವ್ವಾ, ನಾ ಆವತ್ತು ಆಫೀಸಿನ್ಯಾಗ ಇರಲಿಲ್ಲ. ನಾ ಸಹಿನ ಮಾಡಿಲ್ಲ" ಎಂದರು ಸಾಹೇಬರು. ಚನ್ನವೀರ ಗಡಿಬಿಡಿಯಿಂದ ಅವಳ ಹೆಸರಲ್ಲಿ ತಕರಾರು ಅರ್ಜಿ ತುಂಬಿದ. ಪರದೆ ಹೇಳಿತು: ಅರ್ಜಿದಾರರು ಮೃತರು, ಸ್ವೀಕರಿಸಲಾಗದು.

ನೀಲವ್ವ ಹೊಸ್ತಿಲಲ್ಲೇ ಕುಳಿತುಬಿಟ್ಟಳು. "ಸೋಮವಾರ ಹೊಲ ಅವರ ಹೆಸರಿಗೆ ಆಗತೈತ್ರಿ. ಆಮ್ಯಾಲ ನಾ ಬದುಕಿದ್ರ ಯಾರಿಗೆ ಬೇಕ್ರಿ?"

ಸಾಹೇಬರು ಡೈರಿ ತೆಗೆದರು. ತರಬೇತಿಯ ಪುಟ ಓದುತ್ತ ಮುಖ ಸಣ್ಣದಾಯಿತು. ಬಿಳಿ ಹಾಳೆ ಎಳೆದುಕೊಂಡು ತಹಶೀಲ್ದಾರರಿಗೆ ಬರೆದರು: ಡಾಂಗಲನ್ನು ಪಿನ್ ಸಮೇತ ನಾನೇ ಇನ್ನೊಬ್ಬರ ಕೈಗೆ ಕೊಟ್ಟಿದ್ದೆ, ತಪ್ಪು ನನ್ನದು, ಈಕೆ ಬದುಕಿದ್ದಾಳೆ. ಕೆಳಗೆ ಪೆನ್ನಿನಿಂದ ಸಹಿ ಹಾಕಿದರು. ಅವರ ನಿಜವಾದ ಸಹಿಯನ್ನು ನಾನು ಕಂಡದ್ದು ಅದೇ ಮೊದಲು.

ಆ ಕಾಗದದಿಂದ ಹೊಲ ಉಳಿಯಿತು. ಸಾಹೇಬರು ಅಮಾನತಾದರು. ನಾನು ರದ್ದಾದೆ.

ಈಗ ತಾಲೂಕು ಕಚೇರಿಯ ಕಪಾಟಿನಲ್ಲಿ ಸಾಕ್ಷಿಯಾಗಿ ಬಿದ್ದಿದ್ದೇನೆ. ಆರು ಅಂಕಿಯ ಚೀಟಿ ಇನ್ನೂ ಬೆನ್ನ ಮೇಲಿದೆ. ನನ್ನನ್ನು ಲಕೋಟೆಗೆ ಹಾಕಿ ಅರಗಿನ ಮುದ್ರೆ ಒತ್ತಿದ ದಿನ, ದೂರು ಕೊಟ್ಟವಳ ಗುರುತು ಬೇಕೆಂದು ನೀಲವ್ವನನ್ನು ಕರೆಸಿದ್ದರು. ಗುಮಾಸ್ತ ಹೆಬ್ಬೆಟ್ಟು ಒತ್ತಿಸಲೆಂದು ಅವಳ ಬೆರಳು ಹಿಡಿಯಲು ಹೋದ. ಅವಳು ಕೈ ಕೊಸರಿಕೊಂಡು, ತಾನೇ ಮಸಿಗೆ ಅದ್ದಿ, ನನ್ನ ಲಕೋಟೆಯ ಮೇಲೆ ಗಟ್ಟಿಯಾಗಿ ಒತ್ತಿದಳು.

"ಇದು ನನ್ನ ಹೆಬ್ಬಟ್ಟರಿ. ಯಾರ ಕೈಯಾಗೂ ಕೊಡಂಗಿಲ್ಲ."