ಒಂದು ಗಾಡಿ, ಎರಡು ಮಕ್ಕಳು

ಆ ಸಂಜೆ ತಲೆ ಬಗ್ಗಿಸಿದ್ದು ಆಶೀರ್ವಾದಕ್ಕೆ ಮಾತ್ರವೇ? ಅಥವಾ ಅಣ್ಣ ತಿಳಿದುಕೊಂಡಂತೆ ಅದರಲ್ಲಿ ಒಪ್ಪಿಗೆಯೂ ಇತ್ತೇ? ಬಗ್ಗಿದ ಕುತ್ತಿಗೆಯಲ್ಲಿ ಏನಿತ್ತೆಂದು ಕುತ್ತಿಗೆಯ ಒಡೆಯನಿಗೇ ಗೊತ್ತಿಲ್ಲದಿದ್ದರೆ ಬೇರೆಯವರನ್ನು ದೂರಿ ಏನು ಬಂತು?

ನಾಲ್ಕು ದಿನಗಳಿಂದ ಇಸಿದೋರ್ ಇದನ್ನೇ ಮಗುಚಿ ಮಗುಚಿ ಹಾಕುತ್ತಿದ್ದ. ಈಗ ಕುಲಶೇಖರದ ಸ್ಟಾಪಿನಲ್ಲಿ ಬಸ್ಸಿಗೆ ಕಾದು ನಿಂತಾಗಲೂ ಅದೇ.

ನಡೆದದ್ದು ಇಷ್ಟು. ಬೊಂಬಾಯಿಯ ಶಿಪ್ಪಿಂಗ್ ಕಂಪೆನಿಯೊಂದರಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದ ಅಣ್ಣ ಬೆನೆಡಿಕ್ಟ್, ಅತ್ತಿಗೆ ಎಸ್ತೆರಳ ಜೊತೆ ಕ್ರಿಸ್ಮಸ್ಸಿಗೆ ಊರಿಗೆ ಬಂದಿದ್ದ. ಮನೆಯಲ್ಲಿ ದಿನಾ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ತಲೆ ಬಗ್ಗಿಸಿ ಬೆಸಾಂವ್ ಕೇಳಬೇಕು, ಹಿರಿಯರು ಹರಸಬೇಕು. ಜಗಳವಾಡಿದ ದಿನವೂ ಇದು ತಪ್ಪುವುದಿಲ್ಲ. ಅಂದು ಬೆನೆಡಿಕ್ಟ್ ಮೊಣಕಾಲಿನಿಂದ ಏಳುತ್ತಲೇ ಹೇಳಿದ: "ದೇವರು ನಮಗೆ ಕೊಡ್ಲಿಲ್ಲ. ನಿಮಗೆ ಒಟ್ಟಿಗೆ ಎರಡು ಕೊಟ್ಟಿದ್ದಾನೆ. ಒಂದು ನಮ್ಮ ಜೊತೆ ಬೊಂಬಾಯಿಗೆ ಬರಲಿ. ಎಂತ ಹೇಳ್ತಿ ಇಸಿ?"

ಬೆಸಾಂವ್ ಕೇಳುವ ಸರದಿ ಇಸಿದೋರನದಾಗಿತ್ತು. ಎಂಟು ವರ್ಷದವನಿದ್ದಾಗಿನಿಂದ ಮಾಡಿದ ಹಾಗೆ ಕಾಲು ತಾನಾಗಿ ಮುಂದೆ ಹೋಯಿತು, ಕೈ ಮುಗಿಯಿತು, ತಲೆ ಬಗ್ಗಿತು. ಅಣ್ಣನ ಕೈ ತಲೆಯ ಮೇಲೆ ಬಂದು ಕೂತಿತು.

"ದೇವರು ನಿನ್ನನ್ನು ಹರಸಲಿ. ನೀನು ಇಲ್ಲ ಅನ್ನುವವನಲ್ಲ ಅಂತ ನಂಗೆ ಗೊತ್ತಿತ್ತು."

ಎಸ್ತೆರ್ ಅಲ್ಲೇ ಕೂತು ಅತ್ತಳು. ಇಸಿದೋರ್ ಬಾಯಿ ತೆರೆಯುವಷ್ಟರಲ್ಲಿ ಮನೆಯೆಲ್ಲ ಆ ಅಳುವಿನಿಂದ ತುಂಬಿಹೋಗಿತ್ತು.

ಮರುದಿನ ಬೆನೆಡಿಕ್ಟ್ ತಾನು ತಂದಿದ್ದ ದೊಡ್ಡ ಪೆಟ್ಟಿಗೆಯನ್ನು ಬಿಚ್ಚಿದ. ಒಳಗೆ ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ. ನಾಲ್ಕು ಚಕ್ರ, ನೀಲಿ ಕೊಡೆ, ಹೊಳೆಯುವ ಹಿಡಿ. ಕೂರಲು ಜಾಗ ಒಬ್ಬರಿಗೆ. ಅಂದರೆ ಕೇಳುವುದಕ್ಕೆ ಮೊದಲೇ ತಂದದ್ದು! ಬೊಂಬಾಯಿಯಲ್ಲೇ ತೀರ್ಮಾನಿಸಿ, ಪೆಟ್ಟಿಗೆಗೆ ಮೊಳೆ ಹೊಡೆದು ತಂದದ್ದು! ಇಸಿದೋರನ ಹೊಟ್ಟೆಯಲ್ಲಿ ಆ ದಿನ ಕೂತ ಕೆಂಡ ಆಮೇಲೆ ಆರಲೇ ಇಲ್ಲ.

ಯಾವ ಮಗು ಎಂಬುದನ್ನೂ ಗಾಡಿಯೇ ತೀರ್ಮಾನಿಸಿತು. ಒಂದೂವರೆ ವರ್ಷದ ಅವಳಿಗಳಲ್ಲಿ ಪಿಯುಸನನ್ನು ಕೂರಿಸಿದರೆ ಕೊಡೆ ಹಾರುವಂತೆ ಕಿರುಚಿದ. ರೊಸಾಲಿನ್ ಸುಮ್ಮನೆ ಕೂತಳು. "ಹಾಗಾದ್ರೆ ಇವಳೇ," ಎಂದಳು ಎಸ್ತೆರ್. ಸುಮ್ಮನಿದ್ದವಳು ಹೋಗುವವಳಾದಳು.

ಹೊರಡುವುದು ಸೋಮವಾರ. ಅದಕ್ಕೆ ಮೊದಲು ಮೈದಾನದ ಎಕ್ಸಿಬಿಷನ್ ನೋಡಿ ಬರೋಣ, ಮಗುವಿಗೂ ಗಾಡಿಯ ಅಭ್ಯಾಸವಾಗಲಿ ಎಂದು ಶನಿವಾರ ಮಧ್ಯಾಹ್ನ ಎಲ್ಲರೂ ಹೊರಟದ್ದು.

ಬಸ್ಸಿನ ಕಂಡಕ್ಟರ್ ಗಾಡಿಯನ್ನು ಸುತ್ತು ಹಾಕಿ ನೋಡಿದ. "ಇದೆಂತದು ಮಾರಾಯ್ರೆ? ತೊಟ್ಟಿಲಿಗೆ ಚಕ್ರ ಇಟ್ಟದ್ದಾ?"

"ಬೊಂಬಾಯಿಯದ್ದು. ಮೇಲೆ ಹಾಕುವಾಗ ಜಾಗ್ರತೆ," ಎಂದ ಬೆನೆಡಿಕ್ಟ್.

"ಮೇಲೆ ಕೋಳಿಬುಟ್ಟಿ ಉಂಟು. ಕೋಳಿಗಳು ಬೇಕಾದ್ರೆ ಕೂತ್ಕೊಳ್ಳಲಿ, ಪಾಪ."

ಬಸ್ಸೆಲ್ಲ ನಕ್ಕಿತು. ಇಸಿದೋರನಿಗೆ ನಗು ಬರಲಿಲ್ಲ. ಅವನ ಹೆಂಡತಿ ವಿನಿಫ್ರೆಡ್ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಾಲ್ಕು ದಿನಗಳಿಂದ ಅವಳು ಅವನೊಡನೆ ಊಟಕ್ಕೆ ಕರೆಯುವ ಮಾತು ಬಿಟ್ಟರೆ ಬೇರೆ ಮಾತಾಡಿರಲಿಲ್ಲ.

ಮೈದಾನದ ಬಾಗಿಲಲ್ಲಿ ನೂಕುನುಗ್ಗಲು ತಡೆಯಲು ಬಿದಿರಿನ ಅಡ್ಡಗಳನ್ನು ಹಾವಿನ ಹಾಗೆ ಕಟ್ಟಿದ್ದರು. ಒಬ್ಬರ ಹಿಂದೆ ಒಬ್ಬರು ನುಸುಳಬಹುದು. ಗಾಡಿ ಮೊದಲ ತಿರುವಿನಲ್ಲೇ ಸಿಕ್ಕಿಕೊಂಡಿತು. ಹಿಂದಿದ್ದವರು ಗದರಿದರು. "ಗಾಡಿ ಬಿಡ್ಲಿಕ್ಕಿಲ್ಲ," ಎಂದ ಕಾವಲಿನವನು.

"ಒಳಗೆ ಮಗು ಉಂಟಲ್ಲ?"

"ಮಗು ಹೋಗ್ಬಹುದು. ಗಾಡಿ ಹೋಗ್ಲಿಕ್ಕಿಲ್ಲ. ಯಾರ ಮಗು?"

"ನಮ್ಮದು," ಎಂದ ಬೆನೆಡಿಕ್ಟ್, ಎಸ್ತೆರಳ ಭುಜ ಮುಟ್ಟಿ. ಆಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದ. ಇಂಗ್ಲಿಷಿಗೆ ಬಿದಿರೂ ಬಗ್ಗಿತು. ಗಾಡಿಯನ್ನು ತಲೆಯ ಮೇಲಿಂದ ದಾಟಿಸಿದರು.

"ಇಸಿ, ನೀನು ತಳ್ಳು," ಎಂದ ಬೆನೆಡಿಕ್ಟ್.

ಇಸಿದೋರ್ ತಳ್ಳಿದ. ಧೂಳು ಏಳದಂತೆ ಹಾಕಿದ್ದ ಹೊಯ್ಗೆಯಲ್ಲಿ ಚಕ್ರ ಗೇಣುಗೇಣಿಗೂ ಹೂತುಹೋಗುತ್ತಿತ್ತು. ಹೊಯ್ಗೆ ಮುಗಿದಲ್ಲಿ ಡೇರೆಯ ಗೂಟ, ಗೂಟ ದಾಟಿದರೆ ಹಗ್ಗ, ಹಗ್ಗ ದಾಟಿದರೆ ಕಬ್ಬಿನ ಸಿಪ್ಪೆಯ ರಾಶಿ. ಪ್ರತಿ ಗೂಟಕ್ಕೂ ಅವನು ಮುಂದಿನ ಚಕ್ರ ಎತ್ತಬೇಕು, ಹಿಂದಿನ ಚಕ್ರ ಎತ್ತಬೇಕು, ಸುತ್ತ ನೆರೆದವರ ಬುದ್ಧಿಮಾತು ಕೇಳಬೇಕು. ಅವನ ಹೈಸ್ಕೂಲಿನ ಹುಡುಗರು ಎರಡು ಕಡೆ "ನಮಸ್ಕಾರ ಸಾರ್" ಎಂದು ಬಾಯಿಗೆ ಕೈ ಅಡ್ಡ ಹಿಡಿದು ಓಡಿದರು. ಮಗಳನ್ನು ಹೀಗೆ ಬೆವರು ಸುರಿಸಿ ತಳ್ಳುತ್ತಿರುವುದು ಎಲ್ಲಿಗೆ? ಬೇರೆಯವರ ಮನೆಗೆ. ತಾನೇ ಸಾಗಿಸಿ ಕೊಡುತ್ತಿದ್ದೇನೆ, ಹಂಚು ಸಾಗಿಸುವ ಗಾಡಿಯವನ ಹಾಗೆ!

ಬಳೆ ಅಂಗಡಿಯ ಮುಂದೆ ಗಾಡಿ ಪೂರ್ತಿ ಹೂತಿತು. ಅಂಗಡಿಯ ಉಮರಬ್ಬ ಎದ್ದು ಬಂದ. ಅವನ ಮಗ ಇಸಿದೋರನ ಕ್ಲಾಸಿನಲ್ಲಿದ್ದ.

"ಮಾಷ್ಟ್ರೇ, ಇದು ರಾಜರಸ್ತೆ ಅಲ್ಲ. ಗಾಡಿ ಇಲ್ಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಹೋಗಿ, ನಾನು ನೋಡ್ತೇನೆ." ಅವನು ಒಂದು ಕೈ ಹಾಕಿ ಗಾಡಿಯನ್ನು ಎಬ್ಬಿಸಿದ. ವಿನಿಫ್ರೆಡಳ ಸೊಂಟದಲ್ಲಿದ್ದ ಪಿಯುಸನನ್ನೂ ಗಾಡಿಯಲ್ಲಿದ್ದ ರೊಸಾಲಿನಳನ್ನೂ ನೋಡಿದ. "ಅವಳಿ ಅಲ್ವಾ? ಎರಡು ಮಕ್ಕಳಿಗೆ ಒಂದೇ ಗಾಡಿ ಎಂತಕ್ಕೆ?"

"ಒಂದು ಇಲ್ಲಿಗೆ, ಒಂದು ಬೊಂಬಾಯಿಗೆ," ಎಂದು ಬೆನೆಡಿಕ್ಟ್ ನಕ್ಕ.

ಉಮರಬ್ಬ ನಗಲಿಲ್ಲ. "ಮಾಷ್ಟ್ರು ಒಪ್ಪಿದ್ರಾ?"

"ಅವನು ಒಪ್ಪದೆ ಉಂಟಾ?"

ಉಮರಬ್ಬ ಇಸಿದೋರನ ಮುಖವನ್ನೇ ನೋಡುತ್ತ ನಿಂತ. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಇಸಿದೋರ್ ಬಗ್ಗಿ ಚಕ್ರದ ಹೊಯ್ಗೆ ಕೊಡವಿ ಗಾಡಿಯನ್ನು ಮತ್ತೆ ತಳ್ಳಿದ.

ಕುದುರೆ ತೊಟ್ಟಿಲಿನ ಹತ್ತಿರ ಬಂದಾಗ ಎಸ್ತೆರಳಿಗೆ ಚಿಕ್ಕ ಹುಡುಗಿಯ ಉತ್ಸಾಹ. ರೊಸಾಲಿನಳನ್ನು ಎತ್ತಿಕೊಂಡು ಮರದ ಕುದುರೆಯ ಮೇಲೆ ಕೂತಳು. ಬೆನೆಡಿಕ್ಟ್ ಪಕ್ಕದಲ್ಲಿ ನಿಂತ. ಯಂತ್ರ ತಿರುಗಿತು. ಪ್ರತಿ ಸುತ್ತಿಗೂ ಮಗಳು ನಡುವಿನ ಕಂಬದ ಹಿಂದೆ ಮರೆಯಾಗುತ್ತಿದ್ದಳು, ಮತ್ತೆ ಬರುತ್ತಿದ್ದಳು.

ಆಗ ವಿನಿಫ್ರೆಡ್ ಬಾಯಿ ಬಿಟ್ಟಳು.

"ನೀವು ಒಪ್ಪಿದ್ರಾ?"

"ನಾನು ಬೆಸಾಂವ್ ಕೇಳಿದ್ದು."

"ಅದನ್ನು ನಂಗೆ ಹೇಳಿ ಎಂತ ಪ್ರಯೋಜನ? ಅವರಿಗೆ ಹೇಳಿ."

"ಹೇಳ್ತೇನೆ."

"ಯಾವಾಗ? ಗಾಡಿ ಬೊಂಬಾಯಿ ಮುಟ್ಟಿದ ಮೇಲೆ ಕಾಗದ ಬರೀತೀರಾ?"

ಅವನಿಗೆ ಅವಳ ಮೇಲೆಯೇ ಸಿಟ್ಟು ಬಂತು. ಇವಳಿಗೇನು ಗೊತ್ತು? ತಾಯಿ ಸತ್ತಾಗ ಅವನಿಗೆ ಎಂಟು ವರ್ಷ. ಎಸ್ತೆರ್ ಮದುವೆಯಾಗಿ ಬಂದು ಆರು ತಿಂಗಳು. ಅಣ್ಣ ಬೊಂಬಾಯಿಗೆ ಹೋದ. ಹುಡುಗನನ್ನು ನೋಡಿಕೊಳ್ಳಲು ಅವಳು ಇಲ್ಲೇ ಉಳಿದಳು. ಅವನು ಬಿ.ಎ. ಮುಗಿಸುವವರೆಗೆ ಉಳಿದಳು. ವಿಷಮಜ್ವರ ಬಂದಾಗ ಇಪ್ಪತ್ತೊಂದು ದಿನ ಗಂಜಿಯ ತಿಳಿ ಕುಡಿಸಿ ಬದುಕಿಸಿದವಳು ಅವಳು. ವೊನಿ, ಅಂದರೆ ಅತ್ತಿಗೆ, ಎಂದು ಕರೆದರೂ ಅವನ ಬಾಯಲ್ಲಿ ಅದು ಅಮ್ಮ ಎಂದ ಹಾಗೆಯೇ ಇತ್ತು. ಅಂಥವಳಿಗೆ ಇಲ್ಲ ಎನ್ನುವುದು ಹೇಗೆ? ಹಾಗೆಂದು ಹೂಂ ಎನ್ನುವುದಾದರೂ ಹೇಗೆ?

ಸಂಜೆಯಾಗುತ್ತ ಬಂತು. ಫೋಟೋದ ಡೇರೆಯಲ್ಲಿ ರಟ್ಟಿನ ವಿಮಾನವೊಂದನ್ನು ನಿಲ್ಲಿಸಿದ್ದರು. ಹಿಂದೆ ಕೂತರೆ ವಿಮಾನದಲ್ಲಿ ಹೋಗುವ ಹಾಗೆ ಫೋಟೋ ಬರುತ್ತದೆ. ಎಸ್ತೆರ್ ರೊಸಾಲಿನಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಪಕ್ಕದಲ್ಲಿ ಬೆನೆಡಿಕ್ಟ್.

"ತಂದೆಯವರು ಸ್ವಲ್ಪ ಹತ್ತಿರ ಬನ್ನಿ," ಎಂದ ಫೋಟೋದವನು, ಕ್ಯಾಮೆರಾದ ಕರಿ ಬಟ್ಟೆಯೊಳಗಿಂದ. "ತಾಯಿ ಮಗುವಿನ ತಲೆ ಈ ಕಡೆ ತಿರುಗಿಸಿ. ಹಾಂ, ಚಂದದ ಸಂಸಾರ!"

ಅಳು, ಎಂದುಕೊಂಡ ಇಸಿದೋರ್ ಮಗಳನ್ನು ನೋಡುತ್ತ. ಅಳು, ಕೈ ಚಾಚು, ಪಪ್ಪಾ ಎನ್ನು. ತಾನು ಆಡದ ಮಾತನ್ನು ಒಂದೂವರೆ ವರ್ಷದ ಕೂಸು ಆಡಲಿ ಎಂದು ಅವನು ಹಲ್ಲು ಕಚ್ಚಿ ಕಾದ. ರೊಸಾಲಿನ್ ಎಸ್ತೆರಳ ಸರದ ಶಿಲುಬೆಯನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಮಗಳ ಮೇಲೂ ಅವನಿಗೆ ಸಿಟ್ಟು ಬಂತು.

ವಿನಿಫ್ರೆಡ್ ಪಿಯುಸನನ್ನು ಅವನ ಕೈಗೆ ಕೊಟ್ಟಳು. ನೆಟ್ಟಗೆ ವಿಮಾನದ ಹಿಂದೆ ಹೋಗಿ ಎಸ್ತೆರಳ ತೊಡೆಯಿಂದ ಮಗಳನ್ನು ಎತ್ತಿಕೊಂಡಳು.

"ಅಯ್ಯೋ, ಅಮ್ಮ, ಫೋಟೋ!" ಎಂದ ಫೋಟೋದವನು.

"ವೊನಿ, ಇವರನ್ನು ಸಾಕಿದ್ದು ನೀವು. ನಿಮ್ಮ ಹಕ್ಕು ಇವರ ಮೇಲೆ ಉಂಟು. ಬೇಕಾದ್ರೆ ಇವರನ್ನೇ ಬೊಂಬಾಯಿಗೆ ಕರ್ಕೊಂಡು ಹೋಗಿ. ಮಗಳನ್ನು ನಾನು ಕೊಡುವುದಿಲ್ಲ."

ಎಸ್ತೆರಳ ಕೈಗಳು ಮಗು ಇದ್ದ ಆಕಾರದಲ್ಲೇ ಉಳಿದವು. ಬೆನೆಡಿಕ್ಟ್ ಎದ್ದು ನಿಂತ ರಭಸಕ್ಕೆ ರಟ್ಟಿನ ವಿಮಾನ ಅಲುಗಿತು.

"ನಿನ್ನ ಗಂಡನನ್ನು ಸಾಕಲಿಕ್ಕೆ ಇವಳು ಹದಿಮೂರು ವರ್ಷ ಈ ಊರಲ್ಲಿ ಉಳಿದ್ಲು. ಹದಿಮೂರು ವರ್ಷ ನಾನು ವರ್ಷಕ್ಕೆ ಒಂದು ತಿಂಗಳ ಗಂಡ. ನಮ್ಮ ಮನೆಯಲ್ಲಿ ತೊಟ್ಟಿಲು ಯಾಕೆ ತೂಗಲಿಲ್ಲ ಅಂತ ಯಾರಾದ್ರೂ ಕೇಳಿದ್ದೀರಾ?"

"ಬೇಡ, ಬಿಡಿ," ಎಂದಳು ಎಸ್ತೆರ್, ನೆಲ ನೋಡುತ್ತ.

"ಬಿಡುವುದೆಂತ? ಅವನು ಒಪ್ಪಿದವನು. ಇಸಿ, ನಿನ್ನ ಹೆಂಡತಿಗೆ ಹೇಳು."

ಎಲ್ಲರೂ ಇಸಿದೋರನ ಕಡೆ ತಿರುಗಿದರು. ಡೇರೆಯ ಬಾಗಿಲಲ್ಲಿ ಸಾಲು ನಿಂತವರೂ ತಿರುಗಿದರು. ನಾಲ್ಕು ದಿನಗಳ ಕೆಂಡವೆಲ್ಲ ಒಟ್ಟಾಗಿ ಗಂಟಲಿಗೆ ಬಂತು. ಬಾಯಿ ತೆರೆದ.

"ನಿನಗೆ ಬೇರೆ ಕೆಲಸ ಇಲ್ವಾ?" ಎಂದು ಅವನು ಫೋಟೋದವನ ಮೇಲೆ ಕಿರುಚಿದ. "ಯಾರ ಮಗು, ಯಾರ ತಂದೆ ಅಂತ ಕೇಳದೆ ಫೋಟೋ ಹೊಡೀತೀಯಾ? ಮುಚ್ಚು ನಿನ್ನ ಕರಿ ಬಟ್ಟೆ!" ಅದೂ ಸಾಲದೆ ಪಕ್ಕದಲ್ಲಿದ್ದ ಗಾಡಿಯನ್ನು ಕಾಲಿನಿಂದ ಒದ್ದ. ಅದು ಉರುಳಿ ಹೋಗಿ ಮಗುಚಿ ಬಿತ್ತು. ಪಿಯುಸ್ ಹೆದರಿ ಅರಚತೊಡಗಿದ.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಸಾಲಿನಲ್ಲಿದ್ದ ಮುದುಕಿಯೊಬ್ಬಳು ಗೊಣಗಿದಳು. ಆ ಕಿರುಚಾಟದಲ್ಲಿ ಹೂಂ ಇತ್ತೇ, ಇಲ್ಲ ಇತ್ತೇ ಎಂದು ಯಾರಿಗೂ ತಿಳಿಯಲಿಲ್ಲ. ಬೆನೆಡಿಕ್ಟ್ ತನಗೆ ಬೇಕಾದಂತೆ ತಿಳಿದುಕೊಂಡ. ಹತ್ತಿರ ಬಂದು ತಮ್ಮನ ಬೆನ್ನ ಮೇಲೆ ಕೈಯಿಟ್ಟು, "ನೀನೆಂತ ಮಾಡ್ಲಿಕ್ಕುಂಟು ಇಸಿ? ನಿನ್ನ ತಪ್ಪಲ್ಲ. ನನಗೆ ಗೊತ್ತಾಯ್ತು," ಎಂದ.

ವಿನಿಫ್ರೆಡ್ ಮಗಳನ್ನು ಹೆಗಲಿಗೆ ಹಾಕಿಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು. ಬೆನ್ನ ಮೇಲಿನ ಆ ಕೈಯನ್ನು ಅವನು ಕೊಡವಲಿಲ್ಲ. ಅವಳು ತಿರುಗಿ ಒಬ್ಬಳೇ ಬಾಗಿಲ ಕಡೆ ನಡೆದಳು.

ಅಣ್ಣ ಅತ್ತಿಗೆ ಸೋಮವಾರ ಕಾಯದೆ ಭಾನುವಾರವೇ ಹೊರಟರು. ಆಮೇಲೆ ವರ್ಷಕ್ಕೊಂದು ಕಾಗದ ಬರುತ್ತಿತ್ತು, ತಮ್ಮನ ಹೆಸರಿಗೆ ಮಾತ್ರ. ಮಕ್ಕಳಿಗೆ ಎಸ್ತೆರ್ ಬಟ್ಟೆ ಕಳಿಸುತ್ತಿದ್ದಳು. ವಿನಿಫ್ರೆಡ್ ಎಂಬ ಹೆಸರು ಎಲ್ಲೂ ಇರುತ್ತಿರಲಿಲ್ಲ. ಮದುವೆಗಳಲ್ಲಿ, ಇಗರ್ಜಿಯ ಅಂಗಳದಲ್ಲಿ ನೆಂಟರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು: ಇಸಿದೋರ್ ದೇವರಂಥವನು, ಒಪ್ಪಿದ್ದ. ಆ ಹೆಂಗಸು ಬಿಡ್ಲಿಲ್ಲ. ವಿನಿಫ್ರೆಡ್ ಅದನ್ನು ಹತ್ತು ವರ್ಷ ಕೇಳಿದಳು, ಗಂಡ ಪಕ್ಕದಲ್ಲಿ ನಿಂತಿರುವಾಗಲೂ ಕೇಳಿದಳು.

ಮಗಳನ್ನು ಕೊಡಲು ತನಗೂ ಮನಸ್ಸಿರಲಿಲ್ಲ ಎಂದು ಇಸಿದೋರ್ ಅಣ್ಣನಿಗೆ ಎಂದೂ ಹೇಳಲಿಲ್ಲ.