ಹರಕೆಯ ಡಾಡ್ಜ್

ಹೆಡತಲೆಯ ಪುಟ್ಟಬಸವಯ್ಯನವರ ಹಿತ್ತಲಿನಲ್ಲಿ, ಹುಣಸೆಮರದ ಕೆಳಗೆ ಒಂದು ಡಾಡ್ಜ್ ಗಾಡಿ ನಿಂತಿತ್ತು. ನಿಂತಿತ್ತು ಅನ್ನುವುದು ಮರ್ಯಾದೆಯ ಮಾತು. ಚಕ್ರಗಳು ಅರ್ಧಕ್ಕರ್ಧ ಮಣ್ಣಿನಲ್ಲಿ ಹೂತುಹೋಗಿದ್ದವು, ಸೀಟಿನ ಮೇಲೆ ಬೆಕ್ಕೊಂದು ವರ್ಷ ವರ್ಷ ಮರಿ ಹಾಕಿಕೊಂಡು ಆರಾಮವಾಗಿ ಸಂಸಾರ ನಡೆಸಿತ್ತು. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಗಾಡಿ ಅದು. ಬಾಗಿಲು ಅಂತ ಇಲ್ಲವೇ ಇಲ್ಲ. ಮೇಲೆ ಟಾರ್ಪಾಲು ಹೊದಿಸುವ ಕಮಾನು, ಮುಂದೆ ಕೋಣನ ಮೂತಿಯಂಥ ಬಾನೆಟ್ಟು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ. ಪುಟ್ಟಬಸವಯ್ಯನವರು ಪ್ರಾಯದಲ್ಲಿ ಅದನ್ನು ಹರಾಜಿನಲ್ಲಿ ಹಿಡಿದು, ಬಾಳೆಗೊನೆ ಹೇರಿಕೊಂಡು ಮೈಸೂರಿಗೆ ಓಡಿಸಿದವರು.

ತೊಂಬತ್ತಾರನೇ ಇಸವಿಯಲ್ಲಿ ಅವರ ಕಬ್ಬಿನ ಟ್ರೈಲರಿನ ಕೊಂಡಿ ಕಿತ್ತುಹೋಯಿತು. ಹೇಳಿಕಳಿಸಿದ್ದಕ್ಕೆ ತಿ. ನರಸೀಪುರದಿಂದ ವೆಲ್ಡಿಂಗ್ ಸೆಟ್ಟಿನ ಸಮೇತ ಮಾದೇಶ ಬಂದ. ನರಸೀಪುರದಲ್ಲಿ ಅವನದೇ ಒಂದು ವರ್ಕ್‌ಶಾಪು, ಕೈ ತುಂಬ ಕೆಲಸ. ಕೊಂಡಿ ಬೆಸೆದು, ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಹೊಲದ ಮೇಲೆ, ಒಡವೆಯ ಮೇಲೆ ಜನರಿಗೆ ಕಣ್ಣು ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಹಾಗೆ ಕಣ್ಣು ಬಿದ್ದದ್ದನ್ನು ಹೆಡತಲೆಯವರು ಅವತ್ತೇ ನೋಡಿದ್ದು.

"ಯಜಮಾನ್ರೆ, ಇದನ್ನ ನಂಗೆ ಕೊಟ್ಬುಡಿ," ಅಂದ.

"ಏನ್ಲಾ ಮಾದ, ಬೆಲ್ಲದಚ್ಚು ಕೇಳ್ದಂಗೆ ಕೇಳ್ತಿಯಲ್ಲ," ಅಂದರು ಪುಟ್ಟಬಸವಯ್ಯ. "ಅದು ದೇವ್ರ ಗಾಡಿ. ಕೊಡಕ್ಕೆ ನಾನ್ಯಾರು?"

ಕತೆ ಇಷ್ಟೇ. ಎಪ್ಪತ್ತೆಂಟರಲ್ಲಿ, ಜನ ಮಾದಪ್ಪ ಅಂತ ಕರೆಯುವ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗಿ ಇಳಿಯುವಾಗ ಬ್ರೇಕು ಕೈಕೊಟ್ಟಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. 'ಸ್ವಾಮಿ, ನನ್ನನ್ನು ಉಳಿಸು, ಈ ಗಾಡೀನ ನಿನ್ನ ಪಾದಕ್ಕೆ ತಂದು ಬಿಡುತ್ತೇನೆ' ಅಂತ ಕೂಗಿ, ಪುಟ್ಟಬಸವಯ್ಯ ಕಣ್ಣು ಮುಚ್ಚಿ ಸ್ಟೇರಿಂಗನ್ನು ಬಂಡೆಯ ಕಡೆಗೆ ತಿರುಗಿಸಿದರು. ಮನುಷ್ಯ ಉಳಿದ, ಎಂಜಿನ್ನು ಉಳಿಯಲಿಲ್ಲ. ಬೇರೆ ಲಾರಿಗೆ ಕಟ್ಟಿ ಊರಿಗೆ ಎಳೆದು ತಂದರು. ಅಲ್ಲಿಂದ ಹರಕೆ ಹಾಗೇ ಬಾಕಿ. ಮಾರಿದರೆ ದೇವರ ಸೊತ್ತು ಮಾರಿದ ಪಾಪ. ಎಳೆದುಕೊಂಡು ಹೋಗಿ ಬಿಟ್ಟು ಬರೋಣ ಅಂದರೆ, ಕುಂಟು ದನವನ್ನು ಯಾರಾದರೂ ದೇವರಿಗೆ ಬಿಡುತ್ತಾರೆಯೇ ಅಂತ ಅವರ ವಾದ.

ಮಾದೇಶ ಬಿಡುವ ಆಸಾಮಿಯಲ್ಲ. ಕೆಲಸ ಇರಲಿ ಇಲ್ಲದಿರಲಿ ಹೆಡತಲೆಗೆ ಬಂದು ಗಾಡಿಯನ್ನು ಒಂದು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಒಂದು ದಿನ ಬಾಯಿಬಿಟ್ಟು ಹೇಳಿಯೇಬಿಟ್ಟ.

"ನಾನು ನಡೆಯಂಗೆ ಮಾಡ್ತೀನಿ ಯಜಮಾನ್ರೆ. ಅದು ತಾನೇ ಬೆಟ್ಟ ಅತ್ಲಿ. ನಿಮ್ಮ ಅರಕೆ ತೀರ್ಲಿ."

"ಬೆಟ್ಟ ಅತ್ಸಿ ಬಿಟ್ಬುಟ್ಟು ಬರೋ ಗಾಡಿಗೆ ನೀನ್ಯಾಕ್ಲಾ ಮೈ ಮುರೀತಿಯೆ?"

"ಅಲ್ಲಿಗಂಟ ಓಡ್ಸೋನು ನಾನೇ ತಾನೆ?"

ಪುಟ್ಟಬಸವಯ್ಯನವರು ಒಪ್ಪಿಕೊಂಡರು. ಮಾದೇಶನ ಹೆಂಡತಿ ಗೋವಿಂದಮ್ಮ ಮಾತ್ರ ಒಪ್ಪಲಿಲ್ಲ. "ಬೇರೇರ ದೇವ್ರುಗೆ ನೀವು ಗಾಡಿ ಮಾಡ್ಕೊಡಿ, ನಮ್ಮನೆ ಸೂರು ಸೋರ್ತಾನೇ ಇರ್ಲಿ," ಅಂದಳು. ಮಾದೇಶ ಆ ವಾರವೇ ಸೂರು ರಿಪೇರಿ ಮಾಡಿಸಿ, ಮುಂದಿನ ವಾರ ಟ್ರ್ಯಾಕ್ಟರ್ ತಂದು ಡಾಡ್ಜನ್ನು ಮಣ್ಣಿನಿಂದ ಕಿತ್ತು ನರಸೀಪುರಕ್ಕೆ ಎಳೆದುಕೊಂಡು ಹೋದ. ಬೆಕ್ಕಿಗೆ ಮಾತ್ರ ಅನ್ಯಾಯವಾಯಿತು.

ಗಾಡಿಯನ್ನು ಪೂರ್ತಿ ಬಿಚ್ಚಿ ಹರಡಿದಾಗ ಅದರಲ್ಲಿ ಗಟ್ಟಿಯಾಗಿದ್ದದ್ದು ಚಾಸಿಸ್ಸು, ಎರಡು ಆಕ್ಸಲ್ಲು, ಗೇರ್‌ಬಾಕ್ಸು. ನೆಲದ ತಗಡು ಹಪ್ಪಳವಾಗಿತ್ತು. ಮಾದೇಶ ಬೇರೆಯವರ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲೆಲ್ಲ ಅದರ ಕೆಳಗೇ ಮಲಗಿರುತ್ತಿದ್ದ. ಮೈಸೂರಿನ ಗುಜರಿಗಳನ್ನೆಲ್ಲ ಜಾಲಾಡಿದ. ಸಿಗದ ಭಾಗವನ್ನು ಲೇತಿನಲ್ಲಿ ಮಾಡಿಸಿದ. ಮಡಚುವ ಗಾಜಿನ ಚೌಕಟ್ಟನ್ನು ಹಳೆಯ ಅಳತೆಗೇ ಬಗ್ಗಿಸಿದ. ಬ್ರೇಕನ್ನಂತೂ ಬುಡದಿಂದ ತುದಿಯವರೆಗೆ ಹೊಸದು ಹಾಕಿದ. ಅದರ ವಿಷಯದಲ್ಲಿ ಅವನು ತನ್ನನ್ನೂ ನಂಬುತ್ತಿರಲಿಲ್ಲ, ಒಂದೇ ನಟ್ಟನ್ನು ಬಿಚ್ಚಿ ಬಿಚ್ಚಿ ನೋಡುತ್ತಿದ್ದ.

ಎಂಜಿನ್ನಿನ ಹತ್ತಿರ ಬಂದಾಗ ಜಗಳ ಹತ್ತಿತು. ಹಳೆಯದು ಒಡೆದು ಹೋಗಿದೆ, ಮೆಟಡೋರಿನ ಡೀಸೆಲ್ ಎಂಜಿನ್ ಕೂರಿಸುತ್ತೇನೆ ಅಂತ ಮಾದೇಶ.

"ನಾನು ಅರಕೆ ಕಟ್ಕೊಂಡಿದ್ದು ಆ ಎಂಜಿನ್ನೂ ಸೇರಿ ಕಣ್ಲಾ," ಅಂದರು ಪುಟ್ಟಬಸವಯ್ಯ. "ಅರ್ಧ ಗಾಡಿ ಕೊಟ್ಟು ದೇವ್ರುಗೆ ಟೋಪಿ ಆಕು ಅಂತೀಯ?"

ತಿಂಗಳುಗಟ್ಟಲೆ ಮಾತಿಲ್ಲ. ಕೊನೆಗೆ ಅವರ ಹೆಂಡತಿ ಮಲ್ಲಾಜಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು: "ಊರ ಬಸವ ಸತ್ರೆ ಏನ್ ಮಾಡ್ತೀರಿ? ಮಣ್ಣು ಮಾಡ್ತೀರಿ, ಇನ್ನೊಂದು ಬಿಡ್ತೀರಿ. ಇದ್ಕೂ ಅಂಗೇ ಮಾಡಿ, ನನ್ ತಲೆ ತಿನ್ಬೇಡಿ."

ಹಾಗೇ ಮಾಡಿದರು. ಹುಣಸೆಮರದ ಕೆಳಗೆ ಗುಂಡಿ ತೋಡಿ, ಸತ್ತ ಎಂಜಿನ್ನಿಗೆ ವಿಭೂತಿ ಬಳಿದು, ಹೂ ಹಾಕಿ ಇಳಿಸಿದರು. ಊರವರು ನಕ್ಕೂ ನಕ್ಕೂ ಸುಸ್ತಾದರು. ಪುಟ್ಟಬಸವಯ್ಯ ನಗಲಿಲ್ಲ. ಮೊದಲ ಹಿಡಿ ಮಣ್ಣು ಹಾಕುವಾಗ ಅವರ ಕಣ್ಣು ತುಂಬಿತ್ತು. ಅವರ ಪ್ರಾಯವೆಲ್ಲ ಅದರ ಸದ್ದಿನಲ್ಲೇ ಕಳೆದಿತ್ತು.

ಎರಡು ಸಾವಿರದ ಇಸವಿ ಹುಟ್ಟುವ ಹೊತ್ತಿಗೆ ಡಾಡ್ಜು ತನ್ನ ಕಾಲ ಮೇಲೆ ನಿಂತಿತು. ಹಸಿರು ಬಣ್ಣ, ಹೊಸ ಟಾರ್ಪಾಲು, ಹಿಂದೆ ಹಲಸಿನ ಹಲಗೆಯ ಬೆಂಚು. ಮಾದೇಶನಿಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ, ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಇದ್ದಬದ್ದ ನಿದ್ದೆಯೂ ಹೋಯಿತು. ಗಾಡಿ ರೆಡಿ ಅಂದರೆ ಬೆಟ್ಟಕ್ಕೆ ಹೋಗಬೇಕು. ಬೆಟ್ಟಕ್ಕೆ ಹೋದರೆ ಬಿಟ್ಟು ಬರಬೇಕು. ಮಾತು ಕೊಟ್ಟಾಗ ಅದು ಇಷ್ಟು ಭಾರವಾಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

"ಬೆಟ್ಟದ ದಾರಿ ಯಜಮಾನ್ರೆ, ಸುಮ್ನೆ ಓಗಕ್ಕಾಗದಿಲ್ಲ. ಒಂದು ಟ್ರಯಲ್ ನೋಡ್ಬೇಕು," ಅಂದ.

ಟ್ರಯಲ್ಲಿಗೆ ಸೋಮನಾಥಪುರಕ್ಕೆ ಹೋದರು. ಗಾಡಿ ಬೆಣ್ಣೆಯ ಹಾಗೆ ಓಡಿತು. ಬಂದವನೇ ಮಾದೇಶ ಮುಖ ಗಂಟು ಹಾಕಿಕೊಂಡು, ಗೇರ್‌ಬಾಕ್ಸಿನಲ್ಲಿ ಏನೋ ಸದ್ದು ಅಂದ. ಬಿಚ್ಚಿ ಮುಚ್ಚಿ, ಇನ್ನೊಂದು ಟ್ರಯಲ್ಲಿಗೆ ತಲಕಾಡಿನ ಮರಳಿಗೆ ಇಳಿಸಿದ. ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಿ, ನಾಲ್ಕೂ ಚಕ್ರಕ್ಕೆ ಗೇರು ಕೊಟ್ಟು ಮರಳುದಿಬ್ಬ ಹತ್ತಿಸಿದಾಗ ಪುಟ್ಟಬಸವಯ್ಯನವರ ಪೇಟ ಹಾರಿಹೋಯಿತು. ಅದನ್ನು ಹೆಕ್ಕಲು ಇಳಿಯುವ ಬದಲು "ಇನ್ನೊಂದ್ಸಲ ಅತ್ಸ್ಲಾ ಮಾದ," ಅಂದರು. ಆಮೇಲೆ ಬೇಸಿಗೆಯಲ್ಲಿ ಬತ್ತಿದ ಕಪಿಲೆಯ ಪಾತ್ರ. ಆಮೇಲೆ ಗೋಪಾಲಸ್ವಾಮಿ ಬೆಟ್ಟ. ಮಾದೇಶ ತಪ್ಪು ಹುಡುಕುತ್ತಲೇ ಇದ್ದ. ಕ್ಲಚ್ಚು ಜಾರುತ್ತದೆ, ರೇಡಿಯೇಟರ್ ಬಿಸಿಯಾಗುತ್ತದೆ, ಎಡಗಡೆ ಸ್ಪ್ರಿಂಗು ಕಿರುಗುಡುತ್ತದೆ. ಒಂದು ಸಲ ಹೆಡತಲೆಯ ಹಿತ್ತಲಿನಲ್ಲಿ ಅವನು ಯಾವ ತಪ್ಪೂ ಸಿಗದೆ ನಿಂತಿದ್ದಾಗ ಪುಟ್ಟಬಸವಯ್ಯನವರೇ ಕೆಮ್ಮಿ, "ಸ್ಟೇರಿಂಗು ಯಾಕೋ ಬಿಗಿ ಅನ್ಸದಿಲ್ವಾ?" ಅಂದರು. ಮಾದೇಶ ಅವರ ಮುಖ ನೋಡಿದ. ಅವರು ಹುಣಸೆಮರ ನೋಡಿದರು.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆ ಮನೆಯಲ್ಲಿ ಮಾದೇಶನಿಗೆ ಕಾಫಿ ಬರುತ್ತಿದ್ದದ್ದು ಜಗುಲಿಯ ಕೆಳಗೆ, ಬೇರೆ ಲೋಟದಲ್ಲಿ. ಎರಡು ಸಾವಿರದ ಇಸವಿಯಲ್ಲೂ ಹಾಗೇ. ಡಾಡ್ಜಿನ ಮುಂದಿನ ಸೀಟು ಮಾತ್ರ ಇಕ್ಕಟ್ಟು, ಅಲ್ಲಿ ಭುಜಕ್ಕೆ ಭುಜ ತಾಗದೆ ಕೂರಲು ಬರುವುದಿಲ್ಲ. ಮೊದಮೊದಲು ಮಲ್ಲಾಜಮ್ಮ ಬುತ್ತಿಯನ್ನು ಎರಡು ಗಂಟು ಕಟ್ಟಿ ಕೊಡುತ್ತಿದ್ದಳು. ಕಪಿಲೆಯ ಟ್ರಯಲ್ಲಿನ ಹೊತ್ತಿಗೆ ಒಂದೇ ಡಬ್ಬಿ ಆಯಿತು. ಮರಳಿನ ಮೇಲೆ ಕೂತು ಇಬ್ಬರೂ ಅದಕ್ಕೇ ಕೈ ಹಾಕಿ ಹುಳಿಯನ್ನ ತಿಂದರು. ಇದನ್ನು ಹೆಚ್ಚುಗಾರಿಕೆ ಅಂತ ಹೇಳುತ್ತಿಲ್ಲ. ಇಷ್ಟಕ್ಕೆ ಒಂದು ಮಿಲಿಟರಿ ಗಾಡಿ ಬೇಕಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಊರಿಗೆ ಬಂದ ಮೇಲೆ ಮತ್ತೆ ಜಗುಲಿಯ ಕೆಳಗೇ ಕಾಫಿ. ಅದರ ಮೇಲೆ 'ಮಾದ' ಅಂತ ಕರೆಯುವುದು. ಪ್ರತಿ ಸಲವೂ ಅದು ಮಾದೇಶನಿಗೆ ಚುಚ್ಚುತ್ತಿತ್ತು.

ಹೀಗೆ ವರ್ಷಗಳು ಉರುಳಿ ಎರಡು ಸಾವಿರದ ಐದು ಬಂತು. ಮಲ್ಲಾಜಮ್ಮನ ತಾಳ್ಮೆಯೂ ಮುಗಿಯಿತು.

"ಇಬ್ರೂ ಸೇರ್ಕೊಂಡು ದೇವ್ರ ಕಣ್ಗೆ ಮಣ್ಣೆರಚ್ತಾ ಇದ್ದೀರಿ," ಅಂದಳು. "ಸೋಮವಾರ ಓಗದು. ನಾನೂ ಬತ್ತೀನಿ. ಇನ್ನೊಂದು ಟ್ರಯಲ್ ಅಂದ್ರೋ, ಹುಣಿಸೇಮರದ ಕೆಳಗೇ ಮಲ್ಕೊಳಿ."

ಸೋಮವಾರ ಹೊರಟರು. ಕೊಳ್ಳೇಗಾಲ ದಾಟಿ, ಹನೂರು ದಾಟಿ, ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಕಾಯಿ ಒಡೆದರು. ಇಡೀ ದಾರಿ ಮಾದೇಶ ಗೇರಿನ ಹಿಡಿಯ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಪ್ರತಿ ತಿರುವಿನಲ್ಲೂ ಗಾಡಿ ಹೇಳಿದ ಮಾತು ಕೇಳಿತು. ಒಂದೇ ಒಂದು ಕಡೆ ಕೆಟ್ಟು ನಿಂತಿದ್ದರೂ ಸಾಕಿತ್ತು, ವಾಪಸ್ಸು ಹೋಗಬಹುದಿತ್ತು. ತನ್ನ ಕೆಲಸ ತನಗೇ ಶತ್ರುವಾಯಿತಲ್ಲ ಅಂದುಕೊಂಡ. ಹಿಂದೆ ಗಾಡಿ ಗುದ್ದಿದ್ದ ಬಂಡೆಯ ಹತ್ತಿರ ಪುಟ್ಟಬಸವಯ್ಯ ಕಣ್ಣು ಮುಚ್ಚಿ ಅವನ ತೋಳು ಹಿಡಿದುಕೊಂಡರು. ಗಾಡಿ ನಿಧಾನವಾಗಿ ದಾಟಿ ಮೇಲೇರಿತು.

ಪಾದಕ್ಕೆ ಬಿಡುತ್ತೇನೆ ಅಂದಿದ್ದಲ್ಲವೇ, ಅದಕ್ಕೆ ಪುಟ್ಟಬಸವಯ್ಯ ಗಾಡಿಯನ್ನು ದೇವಸ್ಥಾನದ ಹತ್ತಿರ ಎಷ್ಟು ಸಾಧ್ಯವೋ ಅಷ್ಟು ಹತ್ತಿರಕ್ಕೆ ತರಿಸಿದರು. ದರ್ಶನ ಮುಗಿಸಿ ಬಂದು ಬಾನೆಟ್ಟಿಗೆ ವಿಭೂತಿ ಹಚ್ಚಿ, ಎರಡೂ ಕೈ ಇಟ್ಟು ನಿಂತರು. "ಬಿಟ್ಟೆ ಸ್ವಾಮಿ," ಅಂದು ಕೈ ತೆಗೆದರು. ಮಾದೇಶ ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಇಳಿದ. ಅಳು ಬಂತು, ಅತ್ತ. ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ತಿರುಗಿ ನೋಡಬಾರದು ಅಂತ ಮಲ್ಲಾಜಮ್ಮ ಹೇಳಿದ್ದರಿಂದ ಮೂವರೂ ನೆಲ ನೋಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.

ಹಿಂದಿನಿಂದ ಸೀಟಿ ಕೇಳಿಸಿತು. ಗಾಡಿ ನಿಲ್ಲಿಸುವ ಜಾಗದ ಕಾವಲುಗಾರ ಓಡಿ ಬಂದ.

"ಯಾರ್ರೀ ಅದು, ದಾರಿಗೆ ಅಡ್ಡ ಗಾಡಿ ನಿಲ್ಸಿ ಓಯ್ತಾ ಇರೋರು?"

"ನಮ್ದಲ್ಲ ಕಣಪ್ಪ," ಅಂದರು ಪುಟ್ಟಬಸವಯ್ಯ. "ಅದು ಅರಕೆ ಗಾಡಿ. ಬಿಟ್ಟಿದ್ದೀವಿ."

"ದನ ಬಿಡ್ತರೆ, ಕರ ಬಿಡ್ತರೆ. ಅವಾದ್ರೆ ತಾವೇ ಎದ್ದು ಮೇಯಕ್ಕೋಯ್ತವೆ. ಇದು ಓಯ್ತದಾ? ಹಿಂದೆ ಬಸ್ಸು ನಿಂತವೆ. ನಿಮ್ದಲ್ದಿದ್ರೆ ಯಾರ್ದು, ಅದನ್ನಾದ್ರೂ ಏಳಿ."

"ಮಾದಪ್ಪಂದು."

"ಅವನೆಲ್ಲವ್ನೆ ಮಾದಪ್ಪ? ಕರೀರಿ, ಬಂದು ತೆಗೀಲಿ."

ಪಾಪ, ಅವನು ಯಾರೋ ಡ್ರೈವರನ ಹೆಸರು ಅಂದುಕೊಂಡ. ಪುಟ್ಟಬಸವಯ್ಯ ದೇವಸ್ಥಾನದ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದ ಮಾದೇಶನ ಕಡೆಗೆ ತಿರುಗಿದರು.

"ಕರೀತಾವ್ರೆ ಕಣಪ್ಪ, ಮಾದಪ್ಪ," ಅಂದರು. "ಓಗಿ ನಿನ್ ಗಾಡಿ ತೆಗಿ."

ಮಾದೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ಅರಕೆ, ಯಜಮಾನ್ರೆ?"

"ತೀರ್ತು. ಬೆಟ್ಟಕ್ಕೆ ತರ್ತೀನಿ ಅಂದಿದ್ದೆ, ತಂದೆ. ಮಾದಪ್ಪಂಗೆ ಬಿಡ್ತೀನಿ ಅಂದಿದ್ದೆ, ಬಿಟ್ಟೆ. ಯಾರ್ ಕೈಲಿ ತಗೊಂಡೆ ಅಂತ ಅವನ್ನ ಕೇಳಕ್ಕಾದದಾ?"

ಕಾವಲುಗಾರ ಮತ್ತೆ ಸೀಟಿ ಊದಿದ. ಮಾದೇಶ ಓಡಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ತಿರುಗಿಸಿಕೊಂಡು ಬಂದಾಗ ಗಂಡ ಹೆಂಡತಿ ಇಬ್ಬರೂ ಬಸ್ಸಿನ ಸಾಲಿನಲ್ಲಿ ನಿಂತಿದ್ದರು. ಅವನು ಅವರ ಮುಂದೆ ನಿಲ್ಲಿಸಿದ. ಪುಟ್ಟಬಸವಯ್ಯ ಬಂದು ಮೆಟ್ಟಿಲ ಹತ್ತಿರ ನಿಂತರು, ಕಾಲು ಇಡಲಿಲ್ಲ.

"ನಾವು ಎಡತಲೆಗಂಟ ಬರ್ಬೋದೇನಪ್ಪ?" ಅಂತ ಕೇಳಿದರು.

ಮಾದೇಶ ಕೈ ಚಾಚಿದ. ಪುಟ್ಟಬಸವಯ್ಯನವರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹತ್ತಿ ಪಕ್ಕದಲ್ಲಿ ಕೂತರು.