ಎಡೆಯ ಲೋಟ

ಸಿರಿ ಡಾರ್ಕ್ ಚಾಕೊಲೇಟಿನ ಗಟ್ಟಿಯನ್ನು ಈಳಿಗೆಗೆ ಹಿಡಿದು ಸಣ್ಣಗೆ ಹೆರೆಯುತ್ತಿದ್ದಳು. ಅಡುಗೆಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೂ ಇದ್ದರೂ ಮಾತಿರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆಯ ಅಡುಗೆ ಮಾಡುವಾಗ ಮಾತಾಡುವಂತಿಲ್ಲ, ರುಚಿಯನ್ನೂ ನೋಡುವಂತಿಲ್ಲ.

ಅಕ್ಕ ನವ್ಯಾ ತೀರಿಹೋಗಿ ಏಳು ತಿಂಗಳಾಗಿತ್ತು. ಶಿವಮೊಗ್ಗದ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದವಳು, ಭಾನುವಾರ ಭದ್ರಾವತಿಯ ಈ ಮನೆಗೆ ಬಂದರೆ ಹಾಟ್ ಚಾಕೊಲೇಟ್ ಮಾಡುತ್ತಿದ್ದಳು. ಅವಳು ಹೋದಂದಿನಿಂದ ಅಮ್ಮ ವಿಮಲಮ್ಮ ಸರಿಯಾಗಿ ಉಂಡಿರಲಿಲ್ಲ. "ಅವ್ಳು ಬಂದು ಉಣ್ಲಿ, ಆಮೇಲೆ ನಾನು" ಎನ್ನುತ್ತಿದ್ದಳು. ರವಿಕೆಯ ತೋಳು ರಟ್ಟೆಯಿಂದ ಜಾರುತ್ತಿತ್ತು. ಅದಕ್ಕೇ ಎಡೆಗೆ ಅಕ್ಕನ ಹಾಟ್ ಚಾಕೊಲೇಟನ್ನೂ ಇಡಬೇಕೆಂದು ಸಿರಿ ನಿನ್ನೆ ಒಬ್ಬಳೇ ಬಸ್ಸು ಹತ್ತಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ, ಸಂಕೋಚಕ್ಕೆ ಬಾಯಿಬಿಟ್ಟು ಕೇಳಲಾಗದೆ ಅಕ್ಕನ ಖಾಲಿ ಕೋಕೋ ಡಬ್ಬಿ ತೋರಿಸಿ ಸಾಮಾನು ತಂದಿದ್ದಳು.

ಕೋಕೋ ಪುಡಿಯನ್ನು ಬೆಚ್ಚನೆ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿದಳು. ಒಲೆಯ ಮೇಲಿನ ಎಮ್ಮೆ ಹಾಲು ಅಂಚಿನಲ್ಲಿ ನೊರೆಗಟ್ಟಿದಾಗ ಕಲಸಿದ್ದನ್ನು ಅದಕ್ಕೆ ಸುರಿದು, ಚಾಕೊಲೇಟ್ ತುರಿ, ಚಿಟಿಕೆ ಉಪ್ಪು ಹಾಕಿ, ಕುದಿಯಲು ಬಿಡದೆ ಸೌಟಿನ ಬೆನ್ನಿಗೆ ಅಂಟುವವರೆಗೆ ತಿರುವಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದಷ್ಟೆ.

ಕೋಣೆಯಲ್ಲಿ ಬಾಳೆಯೆಲೆಗೆ ಬಡಿಸಿದ ಅನ್ನ, ಕಡುಬು, ವಡೆಯ ಪಕ್ಕ ಲೋಟವಿಟ್ಟು, ಚಮಚ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಮೂವರೂ ಜಗಲಿಗೆ ಬಂದರು.

"ಕೆಮ್ಮದೆ ಬಾಗ್ಲು ತೆಗೀಬಾರ್ದು, ತಿಳೀತಾ? ಉಣ್ಣಕ್ಕೆ ಬಂದ ಸತ್ತೋರಿಗೂ ಎದ್ದು ಹೋಗಕ್ಕೆ ಪುರ್ಸೊತ್ತು ಕೊಡ್ಬೇಕು" ಎಂದ ಅಪ್ಪ ಕರಿಯಣ್ಣ.

"ನಿನ್ ಬೀಡಿ ಕೆಮ್ಮು ಕೇಳಿದ್ರೆ ಬರೋಳೂ ಬರಲ್ಲ. ಸುಮ್ನೆ ಕೂರು ಮಾರಾಯ" ಎಂದಳು ವಿಮಲಮ್ಮ.

ಎದುರು ಮನೆಯ ಕುಕ್ಕರ್ ಕೂಗಿ ನಿಂತಿತು. ಆಗ ಒಳಗೆ ಚಮಚ ಲೋಟಕ್ಕೆ ತಾಗಿದ ಸದ್ದು. ಒಮ್ಮೆ. ಸ್ವಲ್ಪ ತಡೆದು ಇನ್ನೊಮ್ಮೆ.

"ಬೆಕ್ಕು" ಎಂದಳು ಸಿರಿ. ಬೆಕ್ಕು ಮುಟ್ಟಿದರೆ ಎಡೆ ಕೆಟ್ಟಂತೆ. ಅಮ್ಮ ಮತ್ತೆ ಉಣ್ಣುವುದಿಲ್ಲ. ಓಡಿಹೋಗಿ ಬಾಗಿಲು ನೂಕಿದಳು. ಕೆಮ್ಮಲಿಲ್ಲ.

ಬೆಕ್ಕಿರಲಿಲ್ಲ. ಕಿಟಕಿ ಮುಚ್ಚಿತ್ತು. ಅನ್ನ, ಕಡುಬು ಇಟ್ಟಂತೆಯೇ ಇದ್ದವು. ಲೋಟ ಮಾತ್ರ ಅರ್ಧಕ್ಕಿಳಿದಿತ್ತು. ಕೆನೆಯನ್ನು ಯಾರೋ ಒಂದು ಬದಿಗೆ ಸರಿಸಿದ್ದರು. ಸಿರಿ ಉಗುಳು ನುಂಗಿದಳು. ನಾಲಿಗೆಯ ಮೇಲೆ ಕಹಿ, ಅದರ ಹಿಂದೆ ಸಿಹಿ, ಕೊನೆಗೆ ಒಂದಿಷ್ಟು ಉಪ್ಪು.

ಹಿಂದೆಯೇ ಬಂದ ವಿಮಲಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಸೆರಗಿನಿಂದ ಮೇಲ್ದುಟಿ ಒರೆಸಿದಳು. ಸೆರಗಿಗೆ ಕಂದು ಬಣ್ಣ ಹತ್ತಿತು.

"ಎಷ್ಟ್ ದಿನ ಮಾಡ್ದ್ಯೇ ಬರೋಕೆ" ಎಂದಳು ಮೆಲ್ಲಗೆ. "ಕೂತ್ಕೋ ನವ್ಯಾ. ಒಟ್ಟಿಗೆ ಉಣ್ಣೋಣ."

"ನಾನು ಹೊರ್ಗೇ ಇದ್ನಲ್ಲಮ್ಮ. ನಾನು..."

ವಿಮಲಮ್ಮ ಆಗಲೇ ಎಲೆಯ ಮುಂದೆ ಕೂತು ಅನ್ನ ಕಲಸುತ್ತಿದ್ದಳು. ದೊಡ್ಡ ತುತ್ತು ಮಾಡಿ ಬಾಯಿಗಿಟ್ಟುಕೊಂಡಳು. ಕರಿಯಣ್ಣ ಹೊಸ್ತಿಲಲ್ಲೇ ನಿಂತು ಆ ಕೈಯನ್ನು ನೋಡುತ್ತಿದ್ದ.

"ಉಣ್ತಿದ್ದಾಳೆ ಕಣೇ" ಎಂದ ಪಿಸುಗುಟ್ಟಿ. "ಮಾತಾಡ್ಬೇಡ."

"ಅಪ್ಪ, ನೀನಾದ್ರೂ ಒಂದ್ಸಲ ಸಿರಿ ಅಂತ ಕರಿ."

ಕರಿಯಣ್ಣ ಬಗ್ಗಿ ಹೆಂಡತಿಯ ಎಲೆಗೆ ಇನ್ನಷ್ಟು ಅನ್ನ ಬಡಿಸಿದ.